ಸಿರೋಸಿಸ್ ಇರುವವರ ಹೃದಯದ ಮೇಲೆ ನಿಗಾ ಇಡುವುದು ಹೇಗೆ?

ಸಿರೋಸಿಸ್, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ, ಇರುವ ರೋಗಿಯ ಮನೆಯವರ ಗಮನವೆಲ್ಲ ಹೊಟ್ಟೆಯಲ್ಲಿ ತುಂಬುವ ನೀರು, ಕಾಮಾಲೆ ಮತ್ತು ರಕ್ತವಾಂತಿಯ ಮೇಲೆಯೇ ಇರುತ್ತದೆ. ಹೃದಯದ ಮಾತು ಬರುವುದು ಅಪರೂಪ, ಏಕೆಂದರೆ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು, ಶೇ. 60ರ ಮೇಲಿದೆ ಎಂದು ಬರೆದಿರುತ್ತದೆ. ಆ ಅಂಕಿ ಸುಳ್ಳಲ್ಲ, ಆದರೆ ಅದೊಂದನ್ನೇ ನಂಬಿ ನಿಶ್ಚಿಂತೆಯಾಗಿರುವುದು ಸರಿಯಲ್ಲ.

ಲಿವರ್ ಗಟ್ಟಿಯಾಗಿ ಅದರೊಳಗೆ ರಕ್ತ ಸರಾಗವಾಗಿ ಹರಿಯದಾದಾಗ ಕರುಳಿನಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರುತ್ತದೆ. ನೈಟ್ರಿಕ್ ಆಕ್ಸೈಡ್‌ನಂತಹ ವಸ್ತುಗಳ ಪ್ರಭಾವದಿಂದ ಕರುಳಿನ ಸುತ್ತಲಿನ ನಾಳಗಳು ಹಿಗ್ಗುತ್ತವೆ, ಬಿಪಿ ಇಳಿಯುತ್ತದೆ, ಅದನ್ನು ಸರಿದೂಗಿಸಲು ಹೃದಯ ವೇಗವಾಗಿ ಬಡಿದು ಹೆಚ್ಚು ರಕ್ತವನ್ನು ತಳ್ಳುತ್ತದೆ. ನಾಳಗಳು ಹಿಗ್ಗಿ ಎದುರಿನ ತಡೆ ಕಡಿಮೆಯಾಗಿರುವುದರಿಂದ, ಸೊರಗಿದ ಹೃದಯಸ್ನಾಯುವೂ ವಿಶ್ರಾಂತಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡುವಂತೆ ಕಾಣುತ್ತದೆ. ಸೋಂಕು, ರಕ್ತಸ್ರಾವ ಅಥವಾ ದೊಡ್ಡ ಶಸ್ತ್ರಚಿಕಿತ್ಸೆಯ ಹೊರೆ ಬಿದ್ದಾಗ ಅದರ ದೌರ್ಬಲ್ಯ ಬಯಲಾಗುತ್ತದೆ. ವೈದ್ಯರು ಇದನ್ನು ಸಿರೋಟಿಕ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಇದು ಮದ್ಯಪಾನಿಗಳಿಗಷ್ಟೇ ಅಲ್ಲ, ಹೆಪಟೈಟಿಸ್‌ನಿಂದಲೋ ಫ್ಯಾಟಿ ಲಿವರ್‌ನಿಂದಲೋ ಸಿರೋಸಿಸ್ ಬಂದವರಿಗೂ ಬರಬಹುದು.

ಮನೆಯಲ್ಲಿ ಮೊದಲು ಮಾಡಬೇಕಾದದ್ದು ಒಂದು ನೋಟ್‌ಬುಕ್ ಇಡುವುದು. ಬೆಳಿಗ್ಗೆ ಶೌಚ ಮುಗಿಸಿ, ಕಾಫಿ ಕುಡಿಯುವ ಮೊದಲು ತೂಕ ನೋಡಿ, ಐದು ನಿಮಿಷ ಕುಳಿತ ಬಳಿಕ ಬಿಪಿ ಮತ್ತು ನಾಡಿಬಡಿತವನ್ನು ಅಳೆದು ಬರೆದಿಡಬೇಕು. ವರ್ಷಗಟ್ಟಲೆ ಬಿಪಿ ಮಾತ್ರೆ ನುಂಗುತ್ತಿದ್ದವರಿಗೆ ಈಗ ಬಿಪಿ ತಾನಾಗಿ 110ಕ್ಕೆ ಬಂದು ನಿಂತರೆ ಮನೆಯವರು ಸಂತೋಷಪಡುವುದುಂಟು. ಅದು ಗುಣವಾದ ಲಕ್ಷಣವಲ್ಲ, ನಾಳಗಳು ಹಿಗ್ಗಿರುವುದರ ಸೂಚನೆ ಇರಬಹುದು, ಹಳೆಯ ಮಾತ್ರೆಗಳನ್ನು ವೈದ್ಯರು ಮತ್ತೆ ಪರಿಶೀಲಿಸಲೇಬೇಕು. ಪೋರ್ಟಲ್ ಒತ್ತಡ ಇಳಿಸಲು ಪ್ರೊಪ್ರನೊಲಾಲ್ ಅಥವಾ ಕಾರ್ವಿಡಿಲಾಲ್ ತೆಗೆದುಕೊಳ್ಳುವವರ ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದರೆ ಅಂದೇ ವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಮಾತ್ರೆಯನ್ನು ನಿಲ್ಲಿಸಬಾರದು, ಏಕೆಂದರೆ ಅನ್ನನಾಳದ ರಕ್ತಸ್ರಾವವನ್ನು ತಡೆಯುವುದೂ ಅದೇ ಮಾತ್ರೆ.

ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪು ದಿನಕ್ಕೆ ಸುಮಾರು ಒಂದು ಟೀ ಚಮಚ, ಅಂದರೆ 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳ ಉಪ್ಪೂ ಈ ಲೆಕ್ಕಕ್ಕೇ ಸೇರುತ್ತದೆ. ಉಪ್ಪಿನ ಬದಲಿಗೆಂದು ಮಾರುವ ಕಡಿಮೆ ಸೋಡಿಯಂ ಉಪ್ಪನ್ನು ಕೇಳದೆ ತರಬೇಡಿ: ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ನೀರು ಇಳಿಸಲು ಕೊಡುವ ಸ್ಪೈರನೊಲ್ಯಾಕ್ಟೋನ್ ಮಾತ್ರೆಯೂ ಪೊಟ್ಯಾಸಿಯಂ ಅನ್ನು ಏರಿಸುತ್ತದೆ, ಎರಡೂ ಸೇರಿದರೆ ಹೃದಯದ ಲಯ ಅಪಾಯಕಾರಿಯಾಗಿ ತಪ್ಪಬಹುದು. ಲಿವರಿಗೆ ತಂಪೆಂದು ಪ್ರೀತಿಯಿಂದ ಕುಡಿಸುವ ಎಳನೀರಿನ ಬಗ್ಗೆಯೂ ಇದೇ ಕಾರಣಕ್ಕೆ ವೈದ್ಯರನ್ನು ಕೇಳಿಕೊಳ್ಳಬೇಕು.

ಇಸಿಜಿಯಲ್ಲಿ ಕ್ಯೂಟಿ ಅಂತರ (ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆ ಮುಗಿಯಲು ಹಿಡಿಯುವ ಸಮಯ; ಅದು ಉದ್ದವಾದರೆ ಲಯ ತಪ್ಪುವ ಅಪಾಯ) ಉದ್ದವಾಗಿರುವುದು ಸಿರೋಸಿಸ್‌ನಲ್ಲಿ ಸಾಮಾನ್ಯ. ಅಜಿಥ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್, ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ಮತ್ತು ಡೊಂಪೆರಿಡೋನ್ ಅದನ್ನು ಇನ್ನಷ್ಟು ಉದ್ದಗೊಳಿಸಬಲ್ಲವು. ಆದ್ದರಿಂದ ಜ್ವರಕ್ಕೋ ವಾಂತಿಗೋ ಯಾವುದೇ ಕ್ಲಿನಿಕ್ಕಿಗೆ ಹೋದರೂ ಸಿರೋಸಿಸ್ ಇದೆ ಎಂಬುದನ್ನು ಮೊದಲೇ ಹೇಳಿ, ಇಸಿಜಿಯನ್ನು ತೋರಿಸುವುದು ಒಳ್ಳೆಯದು. ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೇನ್ ಬೇಡವೇ ಬೇಡ. ಅವು ಕಿಡ್ನಿಯನ್ನು ಕೆಡಿಸಿ ನೀರನ್ನು ಹೆಚ್ಚಿಸುತ್ತವೆ.

ಎಕೋ ಮಾಡಿಸುವಾಗ ಪಂಪಿಂಗ್ ಜೊತೆಗೆ ಹೃದಯ ಸಡಿಲಗೊಳ್ಳುವ ಸಾಮರ್ಥ್ಯ, ಎಡ ಹೃತ್ಕರ್ಣದ ಗಾತ್ರ ಮತ್ತು ಸ್ಟ್ರೇನ್ (ಹೃದಯಸ್ನಾಯು ಎಷ್ಟು ಕುಗ್ಗುತ್ತದೆ ಎಂಬ) ಅಳತೆಯನ್ನೂ ನೋಡಿದ್ದಾರೆಯೇ ಎಂದು ಕೇಳಿ. ಹೊಟ್ಟೆಯಿಂದ ಒಮ್ಮೆಗೆ 5 ಲೀಟರಿಗಿಂತ ಹೆಚ್ಚು ನೀರು ತೆಗೆಯುವುದಾದರೆ, ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಅನ್ನು ನಾಳದ ಮೂಲಕ ಕೊಡುವುದು ರೂಢಿ. ಪೋರ್ಟಲ್ ಒತ್ತಡ ಇಳಿಸಲು ಲಿವರಿನೊಳಗೆ ರಕ್ತಕ್ಕೆ ಅಡ್ಡದಾರಿ ಮಾಡುವ ಟಿಪ್ಸ್ ಎಂಬ ಸ್ಟೆಂಟ್ ಹಾಕಿದರೆ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗುವುದರಿಂದ, ಅದಕ್ಕೆ ಮುನ್ನ ಹೃದಯ ತಪಾಸಣೆ ತಪ್ಪಿಸುವಂತಿಲ್ಲ. ಮಲಗಿದರೆ ಉಸಿರು ಕಟ್ಟುವುದು, ಎದ್ದು ನಿಂತಾಗ ತಲೆಸುತ್ತಿ ಬೀಳುವುದು, ಜ್ವರದೊಂದಿಗೆ ಹೊಟ್ಟೆನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೋಟ್‌ಬುಕ್ಕನ್ನೂ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.