ಗುಂಡಿ ಬಿಟ್ಟೊಡನೆ ಆರುತ್ತಿದ್ದ ಗ್ಯಾಸ್ ಹೀಟರ್: ನನ್ನ ಅನುಭವ

ಪೈಲಟ್, ಅಂದರೆ ದೊಡ್ಡ ಉರಿಯನ್ನು ಹೊತ್ತಿಸುವ ಪುಟ್ಟ ಜ್ವಾಲೆ, ಹತ್ತುತ್ತಿತ್ತು. ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಉರಿಯುತ್ತಿತ್ತು. ಬೆರಳು ತೆಗೆದರೆ ಟಕ್ ಎಂದು ಆರುತ್ತಿತ್ತು. ಪ್ರೋಪೇನ್ ಹೀಟರ್ ಇಟ್ಟುಕೊಂಡವರಿಗೆಲ್ಲ ಈ ಕಾಟ ಒಂದಲ್ಲ ಒಂದು ಚಳಿಗಾಲದಲ್ಲಿ ಎದುರಾಗುತ್ತದೆ. ನಾವಿರುವುದು ಅಮೆರಿಕದ ಡೆನ್ವರ್ ಬಳಿ. ಗ್ಯಾರೇಜಿನಲ್ಲಿ ಸೈಕಲ್ ರಿಪೇರಿ ಮಾಡುವಾಗ ಈ ಹೀಟರ್ ಇಲ್ಲದೆ ಡಿಸೆಂಬರಿನಲ್ಲಿ ಸ್ಪ್ಯಾನರ್ ಹಿಡಿಯಲು ಆಗುವುದಿಲ್ಲ.

ಬಿಚ್ಚುವ ಮೊದಲು ಒಳಗಿನ ಏರ್ಪಾಡು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಗುಂಡಿ ಒತ್ತಿದಾಗ ಗ್ಯಾಸಿನ ಕವಾಟವನ್ನು ತೆರೆದು ಹಿಡಿದಿರುವುದು ನಮ್ಮ ಕೈಬಲ. ಅಷ್ಟರಲ್ಲಿ ಪೈಲಟ್ ಜ್ವಾಲೆ ಥರ್ಮೋಕಪಲ್ ಎಂಬ ಪುಟ್ಟ ಲೋಹದ ಕಡ್ಡಿಯ ತುದಿಯನ್ನು ಕಾಯಿಸುತ್ತದೆ. ಎರಡು ಬೇರೆ ಬೇರೆ ಲೋಹಗಳು ಕೂಡುವ ಆ ತುದಿ ಕಾದಾಗ ಅಲ್ಪ ವಿದ್ಯುತ್ ಹುಟ್ಟಿ, ಕವಾಟದ ಹಿಂದಿನ ವಿದ್ಯುತ್ಕಾಂತಕ್ಕೆ ಹೋಗುತ್ತದೆ. ಆಮೇಲೆ ಕವಾಟವನ್ನು ಹಿಡಿದುಕೊಳ್ಳುವುದು ಆ ಕಾಂತ. ಜ್ವಾಲೆ ಆರಿದರೆ ತುದಿ ತಣಿಯುತ್ತದೆ, ಕಾಂತ ಕೈಬಿಡುತ್ತದೆ, ಗ್ಯಾಸ್ ನಿಲ್ಲುತ್ತದೆ. ಆದ್ದರಿಂದ ಕೈ ಒತ್ತಿರುವಾಗ ಚೆನ್ನಾಗಿ ಉರಿದು ಬಿಟ್ಟೊಡನೆ ಆರಿದರೆ, ಜ್ವಾಲೆಯಿಂದ ಕಾಂತದವರೆಗಿನ ದಾರಿಯಲ್ಲೇ ಹುಡುಕಬೇಕು.

ಮೊದಲು ಸುಲಭದ್ದು. ಹೊಸ ಸಿಲಿಂಡರ್ ಜೋಡಿಸಿದಾಗ ಕೊಳವೆಯಲ್ಲಿ ಗಾಳಿ ತುಂಬಿರುತ್ತದೆ. ಜ್ವಾಲೆ ಹತ್ತಿದ ಮೇಲೂ ಗುಂಡಿಯನ್ನು ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಒತ್ತಿರಬೇಕು. ಅದರಿಂದ ಫಲ ಸಿಗದ ಕಾರಣ ಎಲ್ಲವನ್ನೂ ಆರಿಸಿ, ಸಿಲಿಂಡರ್ ಕಳಚಿ, ಮುಂದಿನ ತಂತಿ ಜಾಲರಿಯನ್ನು ತೆಗೆದೆ.

ಜಾಲರಿ ತೆಗೆಯುವ ಮುನ್ನವೇ ನಾನು ಗಮನಿಸಿದ್ದು ಜ್ವಾಲೆಯ ಬಣ್ಣ. ಸರಿಯಾದ ಪೈಲಟ್ ನೀಲಿಯಾಗಿ, ಚೂಪಾಗಿ ಸಿಡಿದು ಥರ್ಮೋಕಪಲ್‌ನ ತುದಿಯನ್ನು ಸುಮಾರು 10 ಮಿಲಿಮೀಟರ್‌ನಷ್ಟು ಸುತ್ತಿಕೊಳ್ಳಬೇಕು. ನನ್ನದು ಹಳದಿಯಾಗಿ, ಸೋಮಾರಿಯಂತೆ ಮೇಲಕ್ಕೆ ಬಾಗಿ, ಕಡ್ಡಿಯ ಅಂಚನ್ನಷ್ಟೇ ನೆಕ್ಕುತ್ತಿತ್ತು. ಹಳದಿ ಎಂದರೆ ಗ್ಯಾಸಿಗೆ ತಕ್ಕಷ್ಟು ಗಾಳಿ ಬೆರೆಯುತ್ತಿಲ್ಲ ಎಂದರ್ಥ. ಪೈಲಟ್ ನಳಿಕೆಯ ಪಕ್ಕದಲ್ಲಿ ಗಾಳಿ ಎಳೆದುಕೊಳ್ಳುವ ಒಂದು ಸಣ್ಣ ರಂಧ್ರವಿರುತ್ತದೆ. ಟಾರ್ಚ್ ಹಿಡಿದು ನೋಡಿದರೆ ಅದರೊಳಗೆ ಬೂದು ಬಣ್ಣದ ಜೇಡರಬಲೆ! ಬೇಸಿಗೆಯುದ್ದಕ್ಕೂ ಮೂಲೆಯಲ್ಲಿ ಕುಳಿತ ಹೀಟರಿನಲ್ಲಿ ಇದು ತೀರಾ ಸಾಮಾನ್ಯ. ಒತ್ತಿದ ಗಾಳಿಯ ಡಬ್ಬಿಯಿಂದ ಊದಿ ಬಲೆಯನ್ನು ಹೊರಹಾಕಿದೆ. ಸೂಜಿಯನ್ನೋ ತಂತಿಯನ್ನೋ ಖಂಡಿತ ತೂರಿಸಬೇಡಿ. ಗ್ಯಾಸ್ ಚಿಮ್ಮುವ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಜ್ವಾಲೆಯ ಲೆಕ್ಕಾಚಾರ ಕೆಡುತ್ತದೆ.

ಜ್ವಾಲೆ ನೀಲಿಯಾಯಿತು. ಗುಂಡಿ ಬಿಟ್ಟೊಡನೆ ಆರುವುದು ತಪ್ಪಿತು, ಆದರೆ ಈಗ ಕೆಲವು ನಿಮಿಷ ಉರಿದು ಆರತೊಡಗಿತು. ಥರ್ಮೋಕಪಲ್ ತುದಿಯ ಮಸಿಯನ್ನು ನಯವಾದ ಎಮರಿ ಕಾಗದದಿಂದ ಮೆತ್ತಗೆ ಉಜ್ಜಿ, ಅದರ ವೈರನ್ನು ಬಿಡಿಸಿ, ಗುಂಡಿ ಒತ್ತಿ ಉರಿಸುತ್ತಲೇ ವಿದ್ಯುತ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಒಳ್ಳೆಯ ಥರ್ಮೋಕಪಲ್ ಹೀಗೆ ಬಿಡಿಯಾಗಿ ಅಳೆದಾಗ ಸಾಮಾನ್ಯವಾಗಿ 20ರಿಂದ 30 ಮಿಲಿವೋಲ್ಟ್ ಕೊಡುತ್ತದೆ. ನನ್ನದು ಕೊಡುತ್ತಿತ್ತು. ಅಲ್ಲಿಗೆ ಹೊಸದನ್ನು ಕೊಳ್ಳುವ ಖರ್ಚು ಉಳಿಯಿತು.

ಉಳಿದದ್ದು ಹೀಟರ್ ಉರುಳಿದರೆ ಆರಿಸುವ ಸ್ವಿಚ್. ಅದು ಥರ್ಮೋಕಪಲ್ ಮತ್ತು ಕಾಂತದ ನಡುವಿನ ಅದೇ ವೈರಿನಲ್ಲಿ ಕುಳಿತಿರುತ್ತದೆ. ಮಿಲಿವೋಲ್ಟುಗಳ ಲೋಕದಲ್ಲಿ ಒಂದು ಓಮಿನ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಪುಟ್ಟ ಪಾಲೂ ದೊಡ್ಡ ಅಡ್ಡಗೋಡೆ. ಗೋಡೆಯ ಪ್ಲಗ್ಗಿನಲ್ಲಿ ಲೆಕ್ಕಕ್ಕೇ ಬಾರದ ಕಿಲುಬು ಇಲ್ಲಿ ಕಾಂತವನ್ನು ಸೋಲಿಸಿಬಿಡುತ್ತದೆ. ಸ್ವಿಚ್ಚಿನ ಎರಡು ಕ್ಲಿಪ್ಪುಗಳು ಕಳೆಗುಂದಿ ಸಡಿಲವಾಗಿದ್ದವು. ಉಜ್ಜಿ ಹೊಳೆಯಿಸಿ, ಇಕ್ಕಳದಿಂದ ತುಸು ಅಮುಕಿ ಬಿಗಿಯಾಗಿ ಸಿಕ್ಕಿಸಿದೆ. ಹೀಟರ್ ಆಮೇಲೆ ಆರಲಿಲ್ಲ.

ಸ್ವಿಚ್ಚಿನ ಎರಡು ವೈರುಗಳನ್ನು ನೇರವಾಗಿ ಸೇರಿಸಿಬಿಡು ಎಂದು ಗೆಳೆಯರೊಬ್ಬರು ಹೇಳಿದ್ದರು. ಅದನ್ನು ಮಾಡಲೇಬಾರದು; ಮಾಡಿದರೆ ಹೀಟರ್ ಉರುಳಿದರೂ ಆ ಸ್ವಿಚ್ ಆರಿಸುವುದಿಲ್ಲ. ಪ್ರಾಣ ಕಾಯುವ ಇನ್ನೊಂದು ಏರ್ಪಾಡೂ ಇದರಲ್ಲಿದೆ. ಈ ಹೀಟರುಗಳ ಪೈಲಟ್, ಕೋಣೆಯ ಆಮ್ಲಜನಕ ಸಹಜವಾದ ಶೇ. 21ರಿಂದ ಸುಮಾರು ಶೇ. 18ಕ್ಕೆ ಇಳಿದರೆ ಥರ್ಮೋಕಪಲ್‌ನಿಂದ ದೂರ ಸರಿದು ತಾನಾಗಿ ಆರುವಂತೆ ರೂಪಿಸಿದ್ದು. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜನ ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಮ್ಮ ಬೆಂಗಳೂರಿನ ಪತ್ರಿಕೆಗಳಲ್ಲಿ ಎಷ್ಟು ಬಾರಿ ಓದಿಲ್ಲ? ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾರೇಜಿನ ಬಾಗಿಲನ್ನು ನಾನು ಕೆಳಗೆ ತೆರೆದೇ ಇಡುತ್ತೇನೆ, ಗೋಡೆಗೆ ಅಲಾರಂ ಹಾಕಿದ್ದೇನೆ.

ಆಮ್ಲಜನಕ ಇಳಿದರೆ ಆರುವ ಈ ಏರ್ಪಾಡಿನ ಕಾರಣಕ್ಕೇ, ಬೆಟ್ಟದ ಮೇಲೆ ಆರಿದರೆ ಬಿಚ್ಚುವುದಕ್ಕೆ ಹೋಗಬೇಡಿ. 1,609 ಮೀಟರ್ ಎತ್ತರದ ಡೆನ್ವರಿನಲ್ಲಿ ಚೆನ್ನಾಗಿ ಉರಿಯುವ ಹೀಟರ್, 3,000 ಮೀಟರ್ ದಾಟಿದ ಲೆಡ್‌ವಿಲ್ ಊರಿನಲ್ಲಿ ಹಟ ಹಿಡಿಯುತ್ತದೆ. ಸುಮಾರು 2,100 ಮೀಟರ್‌ಗಿಂತ ಮೇಲೆ ಆರಬಹುದು ಎಂದು ಇಂಥ ಹೀಟರಿನ ಕೈಪಿಡಿಯಲ್ಲೇ ಬರೆದಿರುತ್ತದೆ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇದ್ದರೂ ಗಾಳಿಯೇ ತೆಳು.

ಇನ್ನೊಂದು ವಿಷಯ: ದೊಡ್ಡ ಸಿಲಿಂಡರನ್ನು ಹೊರಗಿಟ್ಟು ಉದ್ದ ರಬ್ಬರ್ ಕೊಳವೆಯಿಂದ ಗ್ಯಾಸ್ ತರುವವರು ನಡುವೆ ಫಿಲ್ಟರ್ ಹಾಕಲಿ. ಕೊಳವೆಯೊಳಗಿಂದ ಜಿನುಗುವ ಎಣ್ಣೆಯಂಥ ಅಂಟು ಪೈಲಟ್ಟಿನ ರಂಧ್ರವನ್ನು ಕಟ್ಟಿಬಿಡುತ್ತದೆ, ಅದು ಊದಿದರೆ ಹೋಗುವಂಥದ್ದಲ್ಲ. ಸಿಲಿಂಡರಿನ ಕವಾಟವನ್ನು ನಿಧಾನವಾಗಿ ತಿರುಗಿಸಿ; ಗಕ್ಕನೆ ತೆರೆದರೆ ಜೋಡಣೆಯೊಳಗಿನ ಸುರಕ್ಷಾ ತಡೆ ಸೋರಿಕೆಯೆಂದು ತಿಳಿದು ಗ್ಯಾಸನ್ನು ಬಿಗಿಹಿಡಿಯುತ್ತದೆ. ಪ್ರತಿ ಜೋಡಣೆಗೂ ಸೋಪಿನ ನೀರು ಸವರಿ, ಗುಳ್ಳೆ ಏಳದಿದ್ದರೆ ಮಾತ್ರ ಹೀಟರ್ ಹೊತ್ತಿಸಿ.