ಜನಸಂದಣಿಯಿಲ್ಲದ ತಾಣ ಹುಡುಕಲು ಒಂದು ಪಟ್ಟಿ

ಹೆಚ್ಚು ಜನ ತುಳಿಯದ ಪ್ರವಾಸಿ ತಾಣವನ್ನು ಹುಡುಕುವವರು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಬಿಟ್ಟು, ಅದೇ ಜಾಲತಾಣದಲ್ಲಿ ದೇಶವಾರು ದೊರೆಯುವ ತಾತ್ಕಾಲಿಕ ಪಟ್ಟಿಯನ್ನು ನೋಡುವುದು ಒಳ್ಳೆಯದು. ಯಾವುದೇ ದೇಶವು ಒಂದು ತಾಣವನ್ನು ಮನ್ನಣೆಗಾಗಿ ಕಳುಹಿಸುವ ಮೊದಲು ಅದನ್ನು ಈ ಪಟ್ಟಿಗೆ ಸೇರಿಸಲೇಬೇಕಾದ್ದರಿಂದ, ಮಹತ್ವವಿದ್ದೂ ಪ್ರವಾಸಿ ಬಸ್ಸುಗಳು ಇನ್ನೂ ಸಾಲುಗಟ್ಟದ ಅನೇಕ ಸ್ಥಳಗಳು ಇಲ್ಲಿ ಸಿಗುತ್ತವೆ. ಅಂಗ್ಕೋರ್‌ಗೆ ಹೋಗುವ ಯೋಚನೆಯಿದ್ದವರಿಗೆ ಕಾಂಬೋಡಿಯಾದ ಪಟ್ಟಿಯಲ್ಲಿ ಬಂತಿಯಾಯ್ ಛ್ಮಾರ್ ಕಾಣಿಸುತ್ತದೆ. ಖ್ಮೇರ್ ದೊರೆ ಏಳನೆಯ ಜಯವರ್ಮನ ಕಾಲದ ಈ ದೇಗುಲದಲ್ಲಿ ಅಂಗ್ಕೋರ್‌ನ ಬಾಯೊನ್ ದೇಗುಲದಲ್ಲಿರುವಂಥದೇ ಮುಖಗೋಪುರಗಳಿವೆ. ನಮ್ಮಲ್ಲಿಯೇ ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು 2014ರಿಂದ 2023ರವರೆಗೆ ತಾತ್ಕಾಲಿಕ ಪಟ್ಟಿಯಲ್ಲಿದ್ದವು (ಬೇಲೂರನ್ನು ಅಪರಿಚಿತವೆಂದು ಯಾರೂ ಹೇಳಲಾರರು, ಆ ಮಾತು ಬೇರೆ). ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳು 2021ರಲ್ಲಿ ಈ ತಾತ್ಕಾಲಿಕ ಪಟ್ಟಿಗೆ ಸೇರಿದವು. ಆದರೆ ಈ ಉಪಾಯ ಎಲ್ಲೆಡೆ ಫಲಿಸದು. ಅಮೃತಸರದ ಸ್ವರ್ಣಮಂದಿರವೂ 2004ರಿಂದ ಇದೇ ಪಟ್ಟಿಯಲ್ಲಿರುವುದರಿಂದ, ಹೆಸರು ಅಲ್ಲಿದೆ ಎಂದ ಮಾತ್ರಕ್ಕೆ ಏಕಾಂತ ದೊರೆಯುತ್ತದೆಂದು ಭಾವಿಸಬಾರದು. ಆಯ್ಕೆ ಆಯಾ ಸರ್ಕಾರದ್ದಾದ್ದರಿಂದ ವಸತಿ, ರಸ್ತೆ, ಸುರಕ್ಷತೆಗಳ ಬಗ್ಗೆ ಪಟ್ಟಿ ಏನನ್ನೂ ಖಾತರಿಪಡಿಸುವುದಿಲ್ಲ. ಹಿರೇಬೆಣಕಲ್ಲಿಗೆ ಬೆಟ್ಟ ಹತ್ತಿಯೇ ಹೋಗಬೇಕು. ಬಂತಿಯಾಯ್ ಛ್ಮಾರ್ ಥಾಯ್ಲೆಂಡ್ ಗಡಿಗೆ ಹತ್ತಿರವಿರುವುದರಿಂದ, ಟಿಕೆಟ್ ಕಾಯ್ದಿರಿಸುವ ಮೊದಲು ವಿದೇಶಾಂಗ ಸಚಿವಾಲಯದ ಸೂಚನೆಗಳನ್ನು ಓದಿಕೊಳ್ಳುವುದು ಅಗತ್ಯ.