6-ಎಂಪಿ ಮಾತ್ರೆ ಮನೆಯಲ್ಲಿ ಕೊಡುವುದು ಹೇಗೆ

ಅಕ್ಕನ ಮಗನಿಗೆ ಬ್ಲಡ್ ಕ್ಯಾನ್ಸರ್, ಎಎಲ್‌ಎಲ್. ಹುಬ್ಬಳ್ಳಿಯಿಂದ ಬಂದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಈಗ ಮೇಂಟೆನೆನ್ಸ್ ಹಂತ, ಅಂದ್ರೆ ಔಷಧಿ ಜಾಸ್ತಿ ಮನೆಯಲ್ಲೇ. ಚಿಕಿತ್ಸೆಗೆ ಮುಂಬೈಯ ಪರೇಲಿಗೆ ಬರುವ ನಮ್ಮವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ 6-ಎಂಪಿ, ಅಂದ್ರೆ ಮರ್ಕ್ಯಾಪ್ಟೊಪ್ಯೂರಿನ್, ಏನು ಅಂತ. ಡಿಎನ್‌ಎ ಕಟ್ಟಲು ಜೀವಕೋಶಕ್ಕೆ ಪ್ಯೂರಿನ್ ಬೇಕು. ಮರ್ಕ್ಯಾಪ್ಟೊಪ್ಯೂರಿನ್ ಅದರ ನಕಲಿ, ಒಂದು ಜಾಗದಲ್ಲಿ ಗಂಧಕ ಕೂತಿದೆ ಅಷ್ಟೆ. ಬೇಗ ಬೇಗ ಬೆಳೆಯುವ ಕೋಶ ಮೋಸ ಹೋಗಿ ಇದನ್ನೇ ಡಿಎನ್‌ಎಗೆ ಸೇರಿಸಿಕೊಂಡು ಸಾಯುತ್ತದೆ. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಮಾಡಿದ ಔಷಧಿ, ಅಮೆರಿಕದಲ್ಲಿ 1953ರಿಂದ ಬಳಕೆಯಲ್ಲಿದೆ. ಕಿಡ್ನಿ ಕಸಿ ಆದವರು ನುಂಗುವ ಅಜಥಯೋಪ್ರಿನ್ ಕೂಡ ದೇಹದೊಳಗೆ ಇದೇ ಆಗುತ್ತದೆ.

ದಿನಾ ಒಂದೇ ಹೊತ್ತಿಗೆ ಕೊಡಿ. ನಮಗೆ ಕೆಲವು ದಿನ ಒಂದು ಮಾತ್ರೆ, ಕೆಲವು ದಿನ ಒಂದೂವರೆ, ಜೊತೆಗೆ ವಾರಕ್ಕೆ ಒಮ್ಮೆ ಮಾತ್ರ ಮೆಥೊಟ್ರೆಕ್ಸೇಟ್ ಅನ್ನುವ ಇನ್ನೊಂದು ಕ್ಯಾನ್ಸರ್ ಔಷಧಿ. ಇದೆಲ್ಲ ನೆನಪಿನಲ್ಲಿ ಉಳಿಯಲ್ಲ, ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಬರೆದು ಟಿಕ್ ಹಾಕಿ. ಮರೆತರೆ ಮರುದಿನ ಎರಡು ಕೊಡಬೇಡಿ. ಹಾಗಂತ ಪದೇಪದೇ ಮರೆತರೆ ಕಾಯಿಲೆ ಮತ್ತೆ ಬರುವ ಅಪಾಯ ಜಾಸ್ತಿ. ಬರಿಗೈಲಿ ಪುಡಿ ಮಾಡಬೇಡಿ, ಬಸುರಿಯರಂತೂ ಮುಟ್ಟಲೇಬಾರದು.

ನಾವು ಸ್ವಲ್ಪದರಲ್ಲೇ ತಪ್ಪಿಸಿಕೊಂಡ ಅಪಾಯ ಒಂದಿದೆ. ಅಪ್ಪನಿಗೆ ಗೌಟ್ (ಕೀಲು ಊದಿ ನೋಯುವ ಕಾಯಿಲೆ), ಅದಕ್ಕೆ ಅವರು ನುಂಗುವ ಅಲೋಪ್ಯುರಿನಾಲ್ ಅದೇ ಕಪಾಟಿನಲ್ಲಿತ್ತು. 6-ಎಂಪಿಯನ್ನು ಒಡೆಯುವ ಕಿಣ್ವವನ್ನೇ ಅದು ತಡೆಯುತ್ತದೆ. ಎರಡೂ ಒಟ್ಟಿಗೆ ಹೋದರೆ ಔಷಧಿ ದೇಹದಲ್ಲೇ ಉಳಿದು ರಕ್ತದ ಕೋಶಗಳು ಕುಸಿಯುತ್ತವೆ. ತಮಾಷೆ ಅಂದ್ರೆ ಅಲೋಪ್ಯುರಿನಾಲನ್ನು ಔಷಧಿ ಮಾಡಿದ್ದೂ ಅದೇ ಎಲಿಯನ್ ಮತ್ತು ಹಿಚಿಂಗ್ಸ್. ಡಬ್ಬಿ ಬೇರೆ ಬೇರೆ ಇಡಿ.

ಡೋಸ್ ನಿರ್ಧರಿಸುವುದು ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್, ನಾವಲ್ಲ. ಈ ಔಷಧಿಯನ್ನು ಒಡೆಯಲು ನೆರವಾಗುವ ಟಿಪಿಎಂಟಿ ಅಥವಾ ಎನ್‌ಯುಡಿಟಿ15 ಜೀನ್‌ನಲ್ಲಿ ವ್ಯತ್ಯಾಸ ಇರುವ ಮಕ್ಕಳಿಗೆ ಮಾಮೂಲಿ ಡೋಸೇ ವಿಷ ಆಗಬಹುದು. ಈ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ, ನಾಚಿಕೆ ಬೇಡ.

ಮಳೆಗಾಲದ ಜ್ವರ ಅಂತ ಸುಮ್ನೆ ಕೂರಬೇಡಿ. 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನ ಲೋಕಲ್ ರೈಲಿಗೆ ಕಾಯುತ್ತಾ ಕೂರಬೇಡಿ, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ನಮ್ಮ ಮನೆ ಬಾಗಿಲ ಹಿಂದೆ ಒಂದು ಚೀಲ ಸದಾ ತಯಾರಿರುತ್ತದೆ: ಫೈಲು, ಹೋದ ವಾರದ ರಿಪೋರ್ಟು, ಚಾರ್ಜರ್, ಟ್ಯಾಕ್ಸಿಗೆ ಚಿಲ್ಲರೆ ದುಡ್ಡು.